ಹದಿನೆಂಟು ಸೆಕೆಂಡಿನ ಎಂಜಿನ್

ಹಳೇ ಮೋಟಾರ್‌ಬೈಕ್ ಇಟ್ಟುಕೊಂಡವರ ಫೋನ್ ಗುಂಪಿನಲ್ಲಿ ಎಲ್ಲರೂ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಯಾರದಾದರೂ ಗಾಡಿ ಕೆಮ್ಮಿದರೆ ಸದ್ದು ರೆಕಾರ್ಡ್ ಮಾಡಿ ಕಳಿಸುವುದು, ಇವನು ಕಿವಿಗೊಟ್ಟು ಕೇಳಿ ‘ಪ್ಲಗ್ ಬಿಚ್ಚಿ ಉಜ್ಜಿ’, ‘ಕಾರ್ಬುರೇಟರಿನಲ್ಲಿ ಕಸ ಕೂತಿದೆ’ ಎಂದು ಬರೆಯುವುದು, ಅಲ್ಲಿಯ ಪದ್ಧತಿಯೇ ಹಾಗೆ. ಹತ್ತರಲ್ಲಿ ಏಳು ಸಲ ಸರಿಹೋಗುತ್ತಿತ್ತು. ಉಳಿದ ಮೂರಕ್ಕೆ ಪೆಟ್ರೋಲಿನ ಮೇಲೆ ಗೂಬೆ ಕೂರಿಸುತ್ತಿದ್ದ.

ಕಚೇರಿಯಲ್ಲಿ ಅವನಿಗೆ ಹೆಸರೇ ಇರಲಿಲ್ಲ. ನಾಲ್ಕನೇ ಕಿಟಕಿ, ಅಷ್ಟೇ. ಅರ್ಜಿ ತೆಗೆದುಕೊ, ಮುದ್ರೆ ಒತ್ತು, ಐದನೇ ಕಿಟಕಿಗೆ ಕಳಿಸು. ಮುದ್ರೆಗೂ ಮುದ್ರೆಗೂ ನಡುವೆ ಮೇಜಿನ ಖಾನೆಯಲ್ಲಿಟ್ಟ ಬೈಕ್ ರಿಪೇರಿ ಪುಸ್ತಕ ಓದುತ್ತಿದ್ದ. ಅವನ ವೈದ್ಯವೆಲ್ಲ ಅದರಲ್ಲೇ ಇತ್ತು. ಸ್ಪ್ಯಾನರ್ ಹಿಡಿದದ್ದಕ್ಕಿಂತ ಪುಟ ತಿರುವಿದ್ದೇ ಹೆಚ್ಚು.

ಅವನ ಸ್ವಂತ ಗಾಡಿ, ಅಪ್ಪ ಬಿಟ್ಟುಹೋದದ್ದು, ಮನೆಯ ಇಕ್ಕಟ್ಟಾದ ನಡುಹಾದಿಯಲ್ಲಿ ಮೂರು ವರ್ಷದಿಂದ ನಿಂತಿತ್ತು. ಪಿಸ್ಟನ್ ಕಚ್ಚಿಕೊಂಡಿತ್ತು. ಬಿಚ್ಚಿದರೆ ಮತ್ತೆ ಜೋಡಿಸಲು ಬಾರದೆಂಬ ಭಯಕ್ಕೆ ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು, ಅದು ತಾನಾಗಿ ಸಡಿಲವಾಗಲೆಂದು ಕಾಯುತ್ತಿದ್ದ. ಅಕ್ಕ ದಿನವೂ ಅದಕ್ಕೆ ಮೊಣಕಾಲು ತಗುಲಿಸಿಕೊಂಡು, ಇದಾದರೂ ಹೊರಗೆ ಹೋಗಬೇಕು, ಇಲ್ಲಾ ನೀನಾದರೂ ಹೋಗಬೇಕು ಎನ್ನುತ್ತಿದ್ದಳು. ಎರಡಕ್ಕೂ ಕದಲುವ ಲಕ್ಷಣವಿರಲಿಲ್ಲ.

ಗುಂಪಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಅಪ್ಪ ಇದ್ದಾಗ ರೆಕಾರ್ಡ್ ಮಾಡಿಟ್ಟ, ಅದೇ ಗಾಡಿಯ ಹದಿನೆಂಟು ಸೆಕೆಂಡಿನ ಸದ್ದೊಂದು ಫೋನಿನಲ್ಲಿತ್ತು. ನಿಮ್ಮದು ಹೇಗಿದೆ ಡಾಕ್ಟ್ರೇ ಎಂದವರಿಗೆಲ್ಲ ಅದನ್ನೇ ಕಳಿಸುತ್ತಿದ್ದ. ಗುಂಪಿನವರು ಆಗಾಗ ಭಾನುವಾರ ಸೇರುವ ಕೂಟಕ್ಕೆ ಸ್ವಂತ ಗಾಡಿ ಓಡಿಸಿಕೊಂಡೇ ಬರಬೇಕೆಂಬ ನಿಯಮವಿತ್ತು. ಹಾಗಾಗಿ ಪ್ರತಿ ಸಲವೂ ಒಂದು ನೆಪ. ಒಮ್ಮೆ ಗಡಿಬಿಡಿಯಲ್ಲಿ ಅಕ್ಕನಿಗೆ ಆಡಿಟ್, ಕಚೇರಿಗೆ ಜ್ವರ ಎಂದು ಬರೆದಿದ್ದೂ ಉಂಟು.

ಒಂದು ಮಧ್ಯಾಹ್ನ ಗುಂಪಿನ ಹಿರಿಯರಾದ ಫಿಟ್ಟರ್ ತಾತ ಫೋನ್ ಮಾಡಿದರು.

“ನೀನು ಬೇರೆ ಬೇರೆ ದಿನ ಕಳಿಸಿದ ಗಾಡಿ ಸದ್ದು ನಾಲ್ಕನ್ನೂ ಕೇಳಿದೆ ಕಣಪ್ಪ. ನಾಲ್ಕರಲ್ಲೂ ಹನ್ನೊಂದನೇ ಸೆಕೆಂಡಿಗೇ ನಾಯಿ ಬೊಗಳುತ್ತಲ್ಲ?”

“ಅದಕ್ಕೆ... ಅಭ್ಯಾಸ ಆಗಿಬಿಟ್ಟಿದೆ ತಾತ.”

“ಶಿಸ್ತಿನ ನಾಯಿ,” ಎಂದು ಫೋನ್ ಇಟ್ಟುಬಿಟ್ಟರು.

ಸಂಜೆಯೊಳಗೆ ಗುಂಪಿನಲ್ಲಿ ಸುದ್ದಿ: ಈ ಭಾನುವಾರದ ಕೂಟ ಡಾಕ್ಟ್ರ ಮನೆ ಮುಂದೆ. ಪಾಪ, ಅವರಿಗೆ ಬಿಡುವಿಲ್ಲ, ನಾವೇ ಹೋಗೋಣ ಎಂದು ಎಲ್ಲರೂ ಒಪ್ಪಿದ್ದರು. ಅವನು ಗುಂಪಿನಿಂದ ಹೊರಬೀಳುವ ಗುಂಡಿಯ ಮೇಲೆ ಎರಡು ಸಲ ಬೆರಳಿಟ್ಟು ತೆಗೆದ. ಗುಂಪನ್ನೂ ಬಿಟ್ಟರೆ ಅವನಿಗೆ ಉಳಿಯುವುದು ನಾಲ್ಕನೇ ಕಿಟಕಿ ಮಾತ್ರ.

ಭಾನುವಾರ ಬೆಳಿಗ್ಗೆ ಏಳು ಗಾಡಿಗಳು ಗುಡುಗುತ್ತ ಬಂದು ಬಾಗಿಲಿಗೆ ಅಡ್ಡ ನಿಂತವು. ಹೊರಗೆ ಅವರು, ಒಳಗೆ ಅಕ್ಕ, ನಡುವೆ ಹಾದಿ ತುಂಬ ಅಪ್ಪನ ಗಾಡಿ. ಅವನು ಅದರ ಹ್ಯಾಂಡಲ್ ಹಿಡಿದು, ಕಣ್ಣು ನೆಲಕ್ಕೆ ನೆಟ್ಟು ಹೇಳಿದ: “ಇದು ಸ್ಟಾರ್ಟ್ ಆಗಲ್ಲ. ಮೂರು ವರ್ಷ ಆಯ್ತು.”

ಏಳು ಎಂಜಿನ್‌ಗಳ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಒಬ್ಬ ನಗುತ್ತ ಕೈ ಬೀಸಿದ. ಇನ್ನೊಬ್ಬ, ಕಿಕ್ ಹೊಡಿ ಎಂದು ಕಾಲಿನಲ್ಲೇ ಸನ್ನೆ ಮಾಡಿದ. ಹೇಳಬೇಕಾದ್ದನ್ನು ಹೇಳಿದ್ದಾಯಿತಲ್ಲ ಎಂದು ಅವನಿಗೆ ಒಂದು ಕ್ಷಣ ನಿರಾಳವಾಯಿತು.

ತಾತನ ಕಣ್ಣು ಮಾತ್ರ ಅವನ ತುಟಿಯ ಮೇಲಿತ್ತು. ಅವರು ಬಾಗಿ ತಮ್ಮ ಎಂಜಿನ್ ಆಫ್ ಮಾಡಿ, ಉಳಿದವರಿಗೂ ಕೈ ಎತ್ತಿದರು. ಒಂದೊಂದಾಗಿ ಸದ್ದುಗಳು ಅಡಗಿದವು.

“ಈಗ ಹೇಳಪ್ಪ,” ಎಂದರು.