ಹಣೆಯ ಬೂದಿ

ಸುಂಟಿಕೊಪ್ಪದ ಹತ್ತಿರ ನಾವು ಕೆಲಸಕ್ಕಿದ್ದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುತ್ತಿದ್ದ ರೈಟರ್, ಬೂದಿ ಬುಧವಾರ ಚರ್ಚಿನಲ್ಲಿ ಪಶ್ಚಾತ್ತಾಪದ ಗುರುತಾಗಿ ಹಣೆಗೆ ಹಚ್ಚಿಸಿಕೊಂಡ ಬೂದಿ ಅಳಿಸೀತೆಂದು ದಿನವಿಡೀ ಬೆವರು ಒರೆಸಿಕೊಳ್ಳುತ್ತಿರಲಿಲ್ಲ. ಯಾವ ತಪ್ಪಿಗೂ ಅವರದು ಒಂದೇ ಮಾತು: "ದೇವರ ಹತ್ರ ಹೇಳಿ ಆಯ್ತು."

ಒಮ್ಮೆ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ, ಕಾಫಿ ಕದ್ದಿದ್ದಾಳೆಂದು ಕೂಲಿ ಲೈನಿನ ಮನೆಗಳವರೆಲ್ಲರ ಮುಂದೆ ಅವರು ನನ್ನ ಅಮ್ಮನ ಸೆರಗಿನ ಗಂಟು ಬಿಚ್ಚಿಸಿದರು. ಅದರಲ್ಲಿದ್ದದ್ದು ಎಲೆಯಡಿಕೆ. ಭಾನುವಾರ ಅವರು ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿ ಹಗುರಾಗಿ ಹೊರಬಂದಾಗ ಅಮ್ಮ ಅಡ್ಡ ನಿಂತಳು.

"ಕಳ್ಳಿ ಅಂದಿದ್ದು ಎಲ್ಲರ ಮುಂದೆ ಅಲ್ವಾ ಸಾರ್? ತಪ್ಪಾಯ್ತು ಅಂತಾನೂ ಅಲ್ಲೇ ಬಂದು ಹೇಳಿ."

"ದೇವರ ಹತ್ರ ಹೇಳಿ ಆಯ್ತಲ್ಲಮ್ಮ."

ಅಂದಿನಿಂದ ಅಮ್ಮ, ಯಾರೂ ಕೇಳದಿದ್ದರೂ, ಪ್ರತಿ ಸಂಜೆ ಅವರೆದುರು ಗಂಟು ಬಿಚ್ಚಿ ತೋರಿಸಿಯೇ ಮನೆಗೆ ಹೊರಡುತ್ತಿದ್ದಳು. ಮುಂದಿನ ಬೂದಿ ಬುಧವಾರವೂ ತೋರಿಸಿದಳು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.