ಓರೆ ಅಂಚಿನ ಚಪ್ಪಡಿ

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಥ್ರಾಕ್ಸ್‌ಬಿ ಎಂಬ ಊರಿನಲ್ಲಿ ಸಂತ ಮಾರ್ಗರೆಟ್ ಚರ್ಚಿನ ನೆಲವನ್ನು ಹಿಲ್ಡಾ ಥ್ರೋವರ್ ಮೂವತ್ತೊಂದು ವರ್ಷ ಮಂಡಿಯೂರಿ ಉಜ್ಜಿದಳು. ಊರಿನ ದೊಡ್ಡವರು ಚರ್ಚಿನ ಹಳಮೆಯ ಬಗ್ಗೆ ಮಾತೆತ್ತಿದರೆ ಗೋಪುರ, ಕಮಾನು, ಬಣ್ಣದ ಗಾಜು ಎಂದು ಕತ್ತು ಮೇಲೆತ್ತಿಯೇ ಮಾತಾಡುವರು. ನೆಲದ ಸಮಾಚಾರ ಗೊತ್ತಿದ್ದದ್ದು ಹಿಲ್ಡಾಳೊಬ್ಬಳಿಗೇ.

ನಡುಹಾದಿಯ ಎಂಟಡಿ ಚಪ್ಪಡಿಯೊಂದು ಅವಳ ಪ್ರಾಣ ಹಿಂಡುತ್ತಿತ್ತು. ಅದರ ಅಂಚುಗಳನ್ನು ಓರೆಯಾಗಿ ಕೆತ್ತಿದ್ದರಿಂದ ಸುತ್ತಲೂ ಸಂದಿಯಾಗಿ ಕೊಳೆಯೆಲ್ಲ ಅಲ್ಲೇ ಕೂರುತ್ತಿತ್ತು. ವಾರವಾರವೂ ಅದನ್ನು ಚಾಕುವಿನಿಂದ ಕೆದಕುತ್ತ, ಕೆತ್ತಿದವನಿಗೆ ಶಾಪ ಹಾಕುವಳು. ಒಂದು ದಿನ ಕೈ ತಟ್ಟನೆ ನಿಂತಿತು. ನೆಲದ ಕಲ್ಲಿಗೆ ಯಾರಾದರೂ ಓರೆ ಅಂಚು ಕೊಡುತ್ತಾರೆಯೇ? ಕೊಡುವುದು ಮೇಜಿನ ಹಲಗೆಗೆ, ಅದೂ ಕೆಳಮಗ್ಗುಲಿಗೆ. ಹಾಗಾದರೆ ಈ ಕಲ್ಲು ಬೋರಲು ಬಿದ್ದಿದೆ! ನಾನೂರು ವರ್ಷದ ಹಿಂದೆ ಮತ ಬದಲಾದಾಗ, ದೊರೆಯ ಅಪ್ಪಣೆಯಂತೆ ಚರ್ಚುಗಳಲ್ಲಿ ಮೇಜಿನಂತಿದ್ದ ಕಲ್ಲಿನ ಬಲಿಪೀಠಗಳನ್ನು ಕೀಳಿಸಿದ್ದು ಎಲ್ಲರಿಗೂ ಗೊತ್ತಿತ್ತು. ತಮ್ಮೂರಿನ ಪೀಠ ಏನಾಯಿತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಈ ಕಲ್ಲೇ ಆ ಪೀಠ ಎಂದು ಹಿಲ್ಡಾ ಊರವರಿಗೆ ಹೇಳಿದಳು. ಎಲ್ಲರೂ ನಕ್ಕರು. ಅಷ್ಟರಲ್ಲಿ ಚರ್ಚು ಬೆಚ್ಚಗಿಡಲು ಬಿಸಿನೀರಿನ ಕೊಳವೆ ಹಾಕುವ ಕೆಲಸ ಬಂತು. ಚರ್ಚಿನ ಆಡಳಿತ ನೋಡುತ್ತಿದ್ದ ಶ್ರೀಮಂತ ರೈತ ಗೂಡ್ರಮ್, ಕೊಳವೆಗೆ ಅಡ್ಡವಾಗಿದ್ದ ಆ ಚಪ್ಪಡಿ ಒಡೆದುಹಾಕಿ ಎಂದ. ಕಲ್ಲುಕುಟಿಗ ಜೆಸ್ ಸುತ್ತಿಗೆ ಎತ್ತುವ ಹೊತ್ತಿಗೆ ಹಿಲ್ಡಾ ಅದರ ಮೇಲೆ ಕೂತೇಬಿಟ್ಟಳು.

"ಏಳಮ್ಮ ಹಿಲ್ಡಾ, ಇತಿಹಾಸ ನಮಗೆ ಬಿಡು. ನೀನು ಬಕೀಟು ನೋಡ್ಕೋ," ಎಂದ ಗೂಡ್ರಮ್.

"ಇದು ನಮ್ಮ ಬಲಿಪೀಠ ಸಾರ್. ಮಗುಚಿ ನೋಡಿ, ಆಮೇಲೆ ಬೇಕಾದ್ರೆ ಒಡೀರಿ."

"ಕೆಳಗೆ ಏನೂ ಇಲ್ದಿದ್ರೆ?"

"ನಾಳೆಯಿಂದ ನಾನು ಈ ಹೊಸಿಲು ತುಳಿಯಲ್ಲ. ಪೊರಕೆ ನಿಮ್ಮ ಮನೆಯೋರ ಕೈಗೆ ಕೊಡಿ."

ಜೆಸ್ ಕೆಮ್ಮಿ ನಗು ನುಂಗಿದ. ಗೂಡ್ರಮ್‌ನ ಮುಖ ಕೆಂಪಾಯಿತು. "ಎಬ್ಬಿಸ್ರಪ್ಪ. ಇವಳ ಹುಚ್ಚೂ ಬಿಡ್ಲಿ!"

ಕೊಳವೆ ಕೆಲಸದ ಎಂಟು ಜನ ಹಾರೆ ಹಾಕಿದರು. ಹಿಲ್ಡಾ ಪಕ್ಕಕ್ಕೆ ಸರಿದು ಬಕೀಟಿನಿಂದ ಬಟ್ಟೆ ಹಿಂಡಿಕೊಂಡಳು. ಗಂಡ ಸತ್ತ ಮೇಲೆ ಈ ಚರ್ಚು ಬಿಟ್ಟರೆ ಅವಳಿಗೆ ಇನ್ನೇನಿತ್ತು? ಕಲ್ಲು ಎದ್ದು ನಿಂತಿತು. ಅದರ ಮೈತುಂಬ ಬರೀ ಮಣ್ಣು. ಗೂಡ್ರಮ್ ಬಾಯಿ ತೆರೆಯುವ ಮೊದಲೇ ಅವಳು ಒದ್ದೆ ಬಟ್ಟೆಯಿಂದ ಒಂದು ಮೂಲೆ ಒರೆಸಿದಳು. ಶಿಲುಬೆ! ಮತ್ತೊಂದು ಮೂಲೆಯಲ್ಲೂ ಶಿಲುಬೆ. ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು. ಬಲಿಪೀಠವನ್ನು ಪವಿತ್ರಗೊಳಿಸುವಾಗ ಹಿಂದಿನ ಕಾಲದ ಬಿಷಪ್ಪರು ಎಣ್ಣೆ ಹಚ್ಚಿ ಹರಸಿದ್ದ ಆ ಐದು ಗುರುತುಗಳು ನಿನ್ನೆ ಕೆತ್ತಿದಷ್ಟು ಚೂಪಾಗಿದ್ದವು. ಕೀಳಿಸಿದ ದಿನ ಯಾರೋ ಜಾಣರು ಪೀಠವನ್ನು ಉಳಿಸಲೆಂದೇ ಬೋರಲು ಹಾಸಿರಬೇಕು. ಹಿಲ್ಡಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಜೆಸ್ ಟೋಪಿ ತೆಗೆದ. ಸ್ವಲ್ಪ ಹೊತ್ತಾದ ಮೇಲೆ ಗೂಡ್ರಮ್ ಕೂಡ ತೆಗೆದ.

"ಎಲ್ಲಿ ಇಡೋಣ, ಮಿಸೆಸ್ ಥ್ರೋವರ್?"

ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

"ಮೊದ್ಲು ಎಲ್ಲಿತ್ತೋ ಅಲ್ಲೇ, ಪೂರ್ವದ ಕಿಟಕಿ ಕೆಳಗೆ. ಎಂಟು ಜನ ಸಾಲಲ್ಲ ಸಾರ್, ನೀವೂ ಬನ್ನಿ."

ಗೂಡ್ರಮ್ ಕೋಟು ಬಿಚ್ಚಿಟ್ಟು ಕಲ್ಲಿಗೆ ಹೆಗಲು ಕೊಟ್ಟ. ಹಿಲ್ಡಾ ಮುಂದೆ ಮುಂದೆ ನಡೆದು ದಾರಿ ತೋರಿಸಿದಳು.