ಕುಂತಳಾ ಮಾವುಸಿಯ ಅವಸರ
ನಮ್ಮ ಪಾರಾದೀಪದ ಬೀದಿಯಿಂದ ಯಾತ್ರೆಯ ಬಸ್ಸು ಹೊರಟರೆ ಮುಂದಿನ ಸೀಟಿನಲ್ಲಿ ಬೀದಿಗೆಲ್ಲ ಚಿಕ್ಕಮ್ಮನಾದ ಕುಂತಳಾ ಮಾವುಸಿ ಇರಲೇಬೇಕು. ಪುರಿಯ ಜಗನ್ನಾಥನಿಗೆ ಕೈ ಮುಗಿಯುತ್ತಲೇ ಅವಳು, "ಲಿಂಗರಾಜನ ಗುಡಿ ಬಾಗಿಲು ಹಾಕಿಬಿಡ್ತಾರೆ, ನಡೀರೋ!" ಎಂದು ಕೂಗುವಳು. ಲಿಂಗರಾಜನಲ್ಲಿ ನಾವಿನ್ನೂ ಪ್ರಸಾದ ತಿನ್ನುತ್ತಿರುವಾಗಲೇ ಬಸ್ಸಿನ ಹಾರನ್ನು ತಾನೇ ಒತ್ತುವಳು. "ದೇವರೇನು ಓಡಿಹೋಗ್ತಾನಾ ಮಾವುಸಿ?" ಎಂದರೆ, "ನಿನ್ನಂಥ ಸೋಮಾರೀನ ಕಂಡ್ರೆ ಓಡದೆ ಇನ್ನೇನ್ ಮಾಡ್ತಾನೆ?" ಎಂದು ಗದರುವಳು. ಅಂಥವಳು ಈ ಸಲ ಕೋಣಾರ್ಕದಲ್ಲಿ ಕಲ್ಲಿನ ಕುದುರೆಯ ನೆರಳಲ್ಲಿ ಕೂತವಳು ಏಳಲೇ ಇಲ್ಲ. ಬಸ್ಸು ಹೊರಡುತ್ತದೆಂದು ಕರೆಯಲು ಹೋದೆ. "ಚೂರು ಇರು ಮಗಾ. ಈ ಗುಡೀಲಿ ದೇವರಿಲ್ವಲ್ಲ. ಮೀನಿಗೆ ಅಂತ ಕಡಲಿಗೆ ಹೋಗಿ ಮನೆಗೆ ಬಾರದ ನನ್ನ ಮಗನ್ನ ಕೊಡು ಅಂತ ಇಲ್ಲಿ ಯಾರನ್ನೂ ಬೇಡಬೇಕಾಗಿಲ್ಲ" ಎಂದಳು. ನಾನು ಡ್ರೈವರಿಗೆ ತಡೆಯುವಂತೆ ಕೈ ತೋರಿಸಿ, ಅವಳ ಪಕ್ಕದಲ್ಲೇ ಕೂತೆ.